ಗೊತ್ತಾಗದ ಹಾಗೆ ಕಿಡ್ನಿ ಕಳೆದುಕೊಳ್ಳುವ ವಿಧಾನ

ಬೇಕಾಗುವ ಸಾಮಾನು: ಎಂಟು-ಹತ್ತು ವರ್ಷ ಹಳೆಯದಾದ ಸಕ್ಕರೆ ಕಾಯಿಲೆ ಒಂದು, ಚೆನ್ನಾಗಿ ಕೆಲಸ ಮಾಡುತ್ತಿರುವ ಕಿಡ್ನಿ ಎರಡು, ಬಿ.ಪಿ. ರುಚಿಗೆ ತಕ್ಕಷ್ಟು. ಇಷ್ಟಿದ್ದರೆ ಒಲೆ ಹಚ್ಚಿ. ಉರಿ ಸಣ್ಣಗಿರಲಿ. ವರ್ಷಗಟ್ಟಲೆ ಬೇಯಬೇಕಾದ ಪದಾರ್ಥ ಇದು, ಅವಸರ ಬೇಡ. ಮುಖ್ಯವಾಗಿ, ನಡುನಡುವೆ ಮುಚ್ಚಳ ತೆಗೆದು ನೋಡಬೇಡಿ. ಹಾಗೆ ನೋಡಿದವರ ಕಿಡ್ನಿ ಎಷ್ಟೋ ಸಲ ಉಳಿದುಬಿಟ್ಟಿದೆ.

ಸಾಮಾನಿಗೆ ನಮ್ಮಲ್ಲಿ ಬರವಿಲ್ಲ. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಲೆಕ್ಕ ಕೊಟ್ಟಿತು. ಇವರೆಲ್ಲರ ಕಿಡ್ನಿಯೂ ಕೆಡುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಪೆಟ್ಟು ಬೀಳುತ್ತದೆ. ಆ ಒಬ್ಬರು ಯಾರು ಎಂದು ಮುಂಚಿತವಾಗಿ ಹೇಳುವ ವಿದ್ಯೆ ಡಾಕ್ಟರುಗಳ ಹತ್ತಿರ ಇದೆ. ಅದರಿಂದ ತಪ್ಪಿಸಿಕೊಳ್ಳುವ ವಿದ್ಯೆ ನನ್ನ ಹತ್ತಿರ ಇದೆ. ನನಗೆ ಕಲಿಸಿದವರು ನಮ್ಮ ಭಾವ, ಅಕ್ಕನ ಯಜಮಾನರು. ಈ ಕಲೆಯಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಮೊದಲು ಕಿಡ್ನಿಯ ಸ್ವಭಾವ ತಿಳಿದುಕೊಳ್ಳಿ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರು ಸೋಸಿ, ಬೇಕಾದದ್ದನ್ನೆಲ್ಲ ಒಳಗೆ ತೆಗೆದುಕೊಂಡು, ಒಂದೂವರೆ ಲೀಟರು ಮಾತ್ರ ಹೊರಗೆ ಬಿಡುತ್ತವೆ. ಹಲ್ಲಿಗೆ ನೋವಾದರೆ ಅದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಕಿಡ್ನಿ ಹಾಗಲ್ಲ. ಹಳೇ ಕಾಲದ ಹಿರಿಸೊಸೆಯ ಹಾಗೆ, ಅರ್ಧ ಜೀವ ಹೋದರೂ ಬಾಯಿ ಬಿಡುವುದಿಲ್ಲ. ಅರ್ಧ ಜರಡಿ ಹರಿದುಹೋದ ಮೇಲೂ ಉಳಿದರ್ಧ ಪೂರ್ತಿ ಸಂಸಾರ ನಿಭಾಯಿಸುತ್ತಿರುತ್ತದೆ. ನಿಮ್ಮ ಯಶಸ್ಸು ನಿಂತಿರುವುದೇ ಈ ಒಳ್ಳೆಯತನದ ಮೇಲೆ. ಅದನ್ನು ಪೂರ್ತಿ ಬಳಸಿಕೊಳ್ಳಿ.

ನಿಮಗಿರುವ ಒಂದೇ ಶತ್ರು ಪ್ಲಾಸ್ಟಿಕ್ ಡಬ್ಬಿ. ಹೆಬ್ಬೆರಳುದ್ದ, ಕೆಂಪು ಮುಚ್ಚಳ. ಅದರೊಳಗೆ ನಾಲ್ಕು ಚಮಚ ಮೂತ್ರ ಬಿದ್ದರೆ ಕಥೆ ಮುಗಿಯಿತು. ಜರಡಿ ಹರಿಯಲು ಶುರುವಾದಾಗ ಮೊದಲು ಜಾರಿಕೊಳ್ಳುವುದು ಅಲ್ಬುಮಿನ್ ಎಂಬ ಪ್ರೋಟೀನು. ರಕ್ತದ ಪರೀಕ್ಷೆಯಲ್ಲಿ ಇನ್ನೂ ಎಲ್ಲ ಸರಿ ಇರುವಾಗಲೇ, ಎಷ್ಟೋ ವರ್ಷ ಮೊದಲು, ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ಕಸದ ಒಂದು ಗ್ರಾಂಗೆ ಅದು 30 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 30 ದಾಟಿದರೆ ಎಚ್ಚರಿಕೆ, 300 ದಾಟಿದರೆ ಜೋರು ಎಚ್ಚರಿಕೆ. ಇದಕ್ಕೆ ಎಸಿಆರ್ ಎನ್ನುತ್ತಾರೆ. ಟೈಪ್ 2 ಇರುವವರು ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಇರುವವರು ಐದು ವರ್ಷವಾದ ಮೇಲೆ, ವರ್ಷಕ್ಕೊಂದು ಸಲ ಇದನ್ನು ಮಾಡಿಸಬೇಕು ಎಂಬುದು ಡಾಕ್ಟರುಗಳ ಹಟ.

ಡಬ್ಬಿಯನ್ನು ಎದುರಿಸುವ ಕ್ರಮ ಹೀಗೆ. ಲ್ಯಾಬಿಗೆ ಹೊರಡುವ ಮೊದಲು ಮನೆಯಲ್ಲೇ ಬಾತ್‌ರೂಮಿಗೆ ಹೋಗಿ ಬನ್ನಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ, ಧಾರಾಳವಾಗಿ ಕೊಡಿ. ಆಮೇಲೆ ಹುಡುಗಿ ಡಬ್ಬಿ ಚಾಚಿದಾಗ ಮುಜುಗರದ ನಗೆ ನಗಿ.

"ಈಗ ಬರ್ತಿಲ್ಲಮ್ಮ."

"ನೀರು ಕುಡಿದು ಹತ್ತು ನಿಮಿಷ ಕೂತ್ಕೊಳ್ಳಿ ಸಾರ್, ಬರುತ್ತೆ."

"ತಿಂಡಿ ಆಗಿಲ್ಲಮ್ಮ, ಶುಗರ್ ಬೇರೆ. ನಾಳೆ ಮನೆಯಿಂದಲೇ ತಂದುಕೊಡ್ತೀನಿ."

ಇದಕ್ಕೆ ಯಾರ ಹತ್ತಿರವೂ ಉತ್ತರವಿಲ್ಲ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದು ಮನೆಗೆ ಬನ್ನಿ. ಡಬ್ಬಿ ಬಿಸಾಡಬೇಡಿ, ಒಳ್ಳೆಯ ಪ್ಲಾಸ್ಟಿಕ್ಕು, ಮುಚ್ಚಳ ಬಿಗಿಯಾಗಿ ಕೂರುತ್ತದೆ. ಅಕ್ಕನ ಮನೆಯಲ್ಲಿ ಇಂಥವು ನಾಲ್ಕಿವೆ. ಒಂದರಲ್ಲಿ ಕರ್ಪೂರ, ಒಂದರಲ್ಲಿ ಸೂಜಿ, ಒಂದರಲ್ಲಿ ಹಳೇ ಅಂಗಿಗಳಿಂದ ಕಿತ್ತಿಟ್ಟ ಗುಂಡಿ. ನಾಲ್ಕನೆಯದು ಊರಿಗೆ ಹೋಗುವಾಗ ಕುಂಕುಮಕ್ಕೆ. ನಾಲ್ಕರ ಮೇಲೂ ಭಾವನ ಹೆಸರು, ವಯಸ್ಸು, ತಾರೀಖು ಬರೆದ ಚೀಟಿ ಇನ್ನೂ ಅಂಟಿಕೊಂಡಿದೆ. ಬೇಕಾದರೆ ಲೆಕ್ಕ ಹಾಕಬಹುದು, ನಾಲ್ಕು ವರ್ಷ ಸಾಲಾಗಿ.

ಡಾಕ್ಟರು ಪಟ್ಟು ಬಿಡದಿದ್ದರೆ ಮೂತ್ರ ಕೊಡಿ, ಆದರೆ ಬೇರೆ ಪರೀಕ್ಷೆಗೆ ಕೊಡಿ. ಮಾಮೂಲಿ ಯೂರಿನ್ ಟೆಸ್ಟ್ ಇರುತ್ತದಲ್ಲ, ಬಣ್ಣದ ಪಟ್ಟಿ ಅದ್ದಿ ನೋಡುವುದು, ಅದು ಸಾಕು. ಸಣ್ಣ ಪ್ರಮಾಣದ ಅಲ್ಬುಮಿನ್ ಅದರ ಕಣ್ಣಿಗೆ ಬೀಳುವುದಿಲ್ಲ. 'ಅಲ್ಬುಮಿನ್: ನಿಲ್' ಎಂದು ಅಚ್ಚಾಗಿ ಬರುತ್ತದೆ. ಫೈಲಿನ ಮೇಲ್ಗಡೆ ಅದೇ ಕಾಣುವಂತೆ ಇಡಿ. ಹೇಗೋ ಎಸಿಆರ್ ಮಾಡಿಸಿಯೇಬಿಟ್ಟು 80 ಎಂದೋ 90 ಎಂದೋ ಬಂದರೂ ಎದೆಗುಂದಬೇಡಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ವ್ಯಾಯಾಮ, ಇವುಗಳಿಂದಲೂ ಅದು ಏರುತ್ತದೆ. ಅದಕ್ಕೇ ಡಾಕ್ಟರು ಒಂದೇ ಸಲಕ್ಕೆ ತೀರ್ಪು ಕೊಡುವುದಿಲ್ಲ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಹೌದು ಎನ್ನುತ್ತಾರೆ. "ಮೂರು ತಿಂಗಳು ಬಿಟ್ಟು ಬನ್ನಿ" ಎಂದರೆ ಕೈ ಮುಗಿದು ಎದ್ದು ಬನ್ನಿ. ಅವರು ಹೇಳಿದ್ದರಲ್ಲಿ 'ಬಿಟ್ಟು' ಎಂಬುದನ್ನಷ್ಟೇ ಪಾಲಿಸಿ.

ಇನ್ನು ರಕ್ತದ ರಿಪೋರ್ಟು ಓದುವುದು. ರಿಪೋರ್ಟಿನಲ್ಲಿ ದಪ್ಪಕ್ಷರ ಇದೆಯೇ ಎಂದಷ್ಟೇ ನೋಡಿ. ಇಲ್ಲದಿದ್ದರೆ ಎಲ್ಲ ನಾರ್ಮಲ್. ಕ್ರಿಯಾಟಿನಿನ್ 1.2 ಎಂದಿದ್ದರೆ ಪಾರ್ಕಿನಲ್ಲಿ ನಾಲ್ಕು ಜನರಿಗೆ ಹೇಳಿ, "ನೋಡಿ, ಕಿಡ್ನಿ ಕಲ್ಲಿನ ಹಾಗಿದೆ". ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಎಂಬ ಇನ್ನೊಂದು ಸಾಲು ಇರುತ್ತದೆ, ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯಿರಿ. ಮುಚ್ಚಬೇಕೇಕೆಂದರೆ, ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ; ಮಾಂಸಖಂಡ ಕಡಿಮೆಯಿದ್ದರೆ ಅದೂ ಕಡಿಮೆ. ಇಪ್ಪತ್ತೈದರ ಹುಡುಗನಿಗೆ 1.2 ಇದ್ದರೆ ಅವನ ಇಜಿಎಫ್‌ಆರ್ ಸುಮಾರು 86. ಅರವತ್ತೆಂಟರ ಅಜ್ಜಿಗೆ ಅದೇ 1.2 ಇದ್ದರೆ ಸುಮಾರು 49. ಅಂದರೆ ಅಜ್ಜಿ ಕಿಡ್ನಿ ಕಾಯಿಲೆಯ ಮೂರನೇ ಹಂತಕ್ಕೆ ಕಾಲಿಟ್ಟಾಗಿದೆ, ಎಷ್ಟೋ ಲ್ಯಾಬುಗಳ ಕಾಗದದಲ್ಲಿ ಮಾತ್ರ ಇನ್ನೂ ಗೆರೆಯ ಒಳಗೇ ಇದ್ದಾಳೆ. ಮನೆಯಲ್ಲಿ ಸಣ್ಣ ಜೀವದ ಅಮ್ಮನೋ ಅತ್ತೆಯೋ ಇದ್ದರೆ ಈ ಅನುಕೂಲವನ್ನು ಕೈಬಿಡಬೇಡಿ.

ಸಕ್ಕರೆ ಕಾಯಿಲೆಯ ಆರಂಭದಲ್ಲಿ ಇಜಿಎಫ್‌ಆರ್ ಇರಬೇಕಾದ್ದಕ್ಕಿಂತ ಜಾಸ್ತಿ ಬರುವುದೂ ಉಂಟು. ಜರಡಿಗಳು ಒತ್ತಡದಲ್ಲಿ ಮಿತಿಮೀರಿ ದುಡಿಯುತ್ತಿರುತ್ತವೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ರಾತ್ರಿಯೂ ಆಫೀಸಿನಲ್ಲೇ ಇದ್ದ ಹಾಗೆ. ಆ ರಿಪೋರ್ಟನ್ನು ಫ್ರೇಮ್ ಹಾಕಿಸಿ.

ಭವಿಷ್ಯ ನೋಡುವ ವಿಷಯಕ್ಕೆ ಬರೋಣ. ನಿಮ್ಮ ಜಾತಕದಲ್ಲಿ ಹನ್ನೆರಡು ಮನೆ. ಕಿಡ್ನಿ ಡಾಕ್ಟರ ಕುಂಡಲಿಯಲ್ಲಿ ಹದಿನೆಂಟು. ಇಜಿಎಫ್‌ಆರ್‌ಗೆ ಆರು ಸಾಲು, ಅಲ್ಬುಮಿನ್‌ಗೆ ಮೂರು ಕಂಬ, ಮನೆಮನೆಗೂ ಬಣ್ಣ: ಹಸಿರು, ಹಳದಿ, ಕಿತ್ತಳೆ, ಕೆಂಪು. ನೀವು ಯಾವ ಮನೆಯಲ್ಲಿದ್ದೀರಿ ಎಂದು ನೋಡಿ ವರ್ಷಕ್ಕೆ ಎಷ್ಟು ಸಲ ಬರಬೇಕು, ಯಾವಾಗ ಕಿಡ್ನಿ ತಜ್ಞರ ಹತ್ತಿರ ಹೋಗಬೇಕು ಎಂದು ಹೇಳುತ್ತಾರೆ. ಇದು ಸಾಲದೆಂದು ಕೆನಡಾದ ರೋಗಿಗಳ ಲೆಕ್ಕ ಇಟ್ಟುಕೊಂಡು ನವದೀಪ್ ತಾಂಗ್ರಿ ಮತ್ತವರ ಸಂಗಡಿಗರು 2011ರಲ್ಲಿ ಒಂದು ಸಮೀಕರಣವನ್ನೇ ಕಟ್ಟಿದರು. ಕಾಯಿಲೆ ಮೂರನೇ ಹಂತ ಮುಟ್ಟಿದವರ ವಯಸ್ಸು, ಗಂಡೋ ಹೆಣ್ಣೋ, ಇಜಿಎಫ್‌ಆರ್, ಎಸಿಆರ್, ಈ ನಾಲ್ಕನ್ನು ಕೊಟ್ಟರೆ ಸಾಕು. ಎರಡು ವರ್ಷದಲ್ಲಿ, ಐದು ವರ್ಷದಲ್ಲಿ ಡಯಾಲಿಸಿಸ್ಸೋ ಕಸಿಯೋ ಬೇಕಾಗುವ ಸಂಭವ ನೂರಕ್ಕೆ ಎಷ್ಟು ಎಂದು ಬಂದುಬಿಡುತ್ತದೆ. ಹುಟ್ಟಿದ ಗಳಿಗೆ ಬೇಡ, ನಕ್ಷತ್ರ ಬೇಡ. ನೀವು ಗಾಬರಿಯಾಗಬೇಡಿ. ನಾಲ್ಕನೆಯದು ಸಿಗಬೇಕಾದರೆ ಡಬ್ಬಿ ತುಂಬಬೇಕು, ಡಬ್ಬಿಯಲ್ಲಿ ಗುಂಡಿಗಳಿವೆ.

ಭವಿಷ್ಯ ಕೇಳಲೇಬೇಕು ಅನ್ನಿಸಿದರೆ ಜೋಯಿಸರ ಹತ್ತಿರ ಹೋಗಿ. ಶನಿ ಏಳೂವರೆ ವರ್ಷ ಅನ್ನುತ್ತಾರೆ, ಎಳ್ಳೆಣ್ಣೆ ದೀಪ ಹಚ್ಚಿಸುತ್ತಾರೆ. ಸಮಯ ಚೆನ್ನಾಗಿ ಹೋಗುತ್ತದೆ. ನಮಗೆ ಬೇಕಾದದ್ದೂ ಅದೇ.

ಮಾತ್ರೆಗಳ ವಿಷಯದಲ್ಲಿ ಒಂದೇ ಸೂತ್ರ ಗಟ್ಟಿ ಮಾಡಿಕೊಳ್ಳಿ: ಕಿಡ್ನಿ ಹಾಳಾಗುವುದು ಶುಗರಿನಿಂದಲ್ಲ, ಶುಗರಿನ ಮಾತ್ರೆಯಿಂದ. ಮದುವೆಮನೆಯ ಪಂಕ್ತಿಯಲ್ಲಿ ಇದನ್ನು ಹೇಳಿ ನೋಡಿ, ಎಡಗಡೆಯವರೂ ಬಲಗಡೆಯವರೂ ತಲೆಯಾಡಿಸುತ್ತಾರೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ತೀರಾ ಕುಗ್ಗಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದಾಗ ಡಾಕ್ಟರೇ ಅದನ್ನು ನಿಲ್ಲಿಸುತ್ತಾರೆ. ಗೋಡೆ ಬಿರುಕು ಬಿಟ್ಟಿತೆಂದು ಬಾಡಿಗೆಯವರು ಮನೆ ಖಾಲಿ ಮಾಡಿದರೆ, ಬಾಡಿಗೆಯವರೇ ಗೋಡೆ ಒಡೆದರು ಎನ್ನಲು ನಮಗೇನು ಕಷ್ಟ? ಹಾಗೇ ಹೇಳಿ, ಮಾತ್ರೆ ಬಿಡಿ.

ಬಿ.ಪಿ. ಮಾತ್ರೆ ಲೋಸಾರ್ಟನ್ ಕಿಡ್ನಿಯನ್ನೂ ಕಾಯುತ್ತದೆ ಎಂದು 2001ರಲ್ಲೇ ಗೊತ್ತಾಗಿದೆ. ಕಿಡ್ನಿಗೆ ಆಗಲೇ ಪೆಟ್ಟು ಬಿದ್ದಿದ್ದ ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ನೋಡಿದಾಗ ಕಿಡ್ನಿ ಪೂರ್ತಿ ಸೋಲುವ ಅಪಾಯ ಶೇ 28ರಷ್ಟು ತಗ್ಗಿತು. ಆದ್ದರಿಂದ ಬಿ.ಪಿ. 130ಕ್ಕೆ ಇಳಿದ ಕೂಡಲೇ "ವಾಸಿಯಾಯ್ತು" ಎಂದು ಅದನ್ನು ನಿಲ್ಲಿಸಿ. ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ, ಡಾಕ್ಟರು ಅದನ್ನು ನಿರೀಕ್ಷಿಸಿಯೇ ಇರುತ್ತಾರೆ; ನಿಲ್ಲಿಸುವುದಕ್ಕೆ ಅದೂ ಒಂದು ಒಳ್ಳೆಯ ನೆಪ. ಇತ್ತೀಚೆಗೆ 'ಫ್ಲೋಜಿನ್' ಎಂದು ಹೆಸರು ಮುಗಿಯುವ ಮಾತ್ರೆಗಳು ಬಂದಿವೆ. ಅವುಗಳಲ್ಲೊಂದು, ಕೆನಾಗ್ಲಿಫ್ಲೋಜಿನ್, ಕಿಡ್ನಿ ಸೋಲುವುದನ್ನು ಚೆನ್ನಾಗಿ ತಡೆಯುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಈ ಮಾತ್ರೆಗಳ ವಂಶ ಹುಡುಕುತ್ತ ಹೋದರೆ 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ತೆಗೆದ ಫ್ಲೋರಿಜಿನ್ ಸಿಗುತ್ತದೆ. ಇದನ್ನು ಮಾತ್ರ ಯಾರಿಗೂ ಹೇಳಬೇಡಿ. ಮೂಲ ಮರದ ತೊಗಟೆ ಎಂದು ಗೊತ್ತಾದರೆ ನಮ್ಮ ಜನ ನಂಬಿ ತೆಗೆದುಕೊಂಡುಬಿಡುತ್ತಾರೆ.

ಮಾತ್ರೆ ಬಿಟ್ಟ ಜಾಗದಲ್ಲಿ ಬೇರೆ ಏನಾದರೂ ಇಡಬೇಕಲ್ಲ. ಹೆಸರಿಲ್ಲದ ಪುಡಿ ಇಡಿ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿರಬಾರದು, ಅದೇ ಅದರ ಗುಣಮಟ್ಟ. ಮಲೆನಾಡು, ಕರಾವಳಿಯವರಾದರೆ ಹಿತ್ತಲಲ್ಲೇ ದಾರೆಹುಳಿ, ಬಿಂಬುಳಿ ಇರುತ್ತವೆ. ಸಾರಿಗೆ ಎರಡು ಹಾಕಿದರೆ ಏನೂ ಆಗದು, ನಮಗೆ ಅಷ್ಟರಿಂದ ಪ್ರಯೋಜನವಿಲ್ಲ. ಶುಗರಿಗೆ ಒಳ್ಳೆಯದೆಂದು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಹಿಂಡಿ ಕುಡಿಯಿರಿ. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕೂತರೆ ವರ್ಷಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ಮಂಡಿ ನೋವಿಗೆ ಡಾಕ್ಟರ ಚೀಟಿ ಕಾಯಬೇಡಿ. ಮೆಡಿಕಲ್ ಶಾಪಿನಲ್ಲಿ "ಮೊನ್ನೆ ಕೊಟ್ಟೆಯಲ್ಲಪ್ಪ, ಆ ಕಿತ್ತಳೆ ಬಣ್ಣದ್ದು, ಇನ್ನೊಂದು ಸ್ಟ್ರಿಪ್ ಕೊಡು" ಎನ್ನಿ. ಡೈಕ್ಲೋಫಿನ್ಯಾಕ್ಕೋ ಇನ್ನೊಂದೋ, ಹೆಸರು ಕಟ್ಟಿಕೊಂಡು ನಮಗೇನು. ಉಪ್ಪಿನ ಲೆಕ್ಕ ಸುಲಭ: ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತಾರೆ, ಅಂದರೆ ಒಂದು ಟೀ ಚಮಚ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಇವು ಉಪ್ಪಲ್ಲ, ನಂಚಿಕೊಳ್ಳುವುದು. ಲೆಕ್ಕಕ್ಕೆ ಸೇರಿಸಬೇಡಿ.

ಮುಂದಿನ ಹಂತದಲ್ಲಿ ದೇಹ ಸಣ್ಣಪುಟ್ಟ ಚಾಡಿ ಹೇಳಲು ಶುರುಮಾಡುತ್ತದೆ. ಪ್ರತಿಯೊಂದಕ್ಕೂ ಒಬ್ಬ ಅಪರಾಧಿಯನ್ನು ಸಿದ್ಧವಾಗಿಟ್ಟುಕೊಳ್ಳಿ. ಮೂತ್ರದಲ್ಲಿ ಕಾಫಿಯ ನೊರೆಯ ಹಾಗೆ ನೊರೆ ನಿಂತರೆ, ಹೊಸ ಟಾಯ್ಲೆಟ್ ಕ್ಲೀನರು. ಸಂಜೆ ಪಾದ ಊದಿಕೊಂಡು ಸಾಕ್ಸಿನ ಗುರುತು ಬಿದ್ದರೆ, ಬಸ್ ಪ್ರಯಾಣ. ಸುಸ್ತಾದರೆ ವಯಸ್ಸು, ಮೈ ತುರಿಸಿದರೆ ಸೋಪು, ಊಟ ಸೇರದಿದ್ದರೆ ಸೊಸೆಯ ಅಡುಗೆ. ಕಣ್ಣಿನ ಡಾಕ್ಟರು "ಅಕ್ಷಿಪಟಲದಲ್ಲಿ ರಕ್ತ ಸೋರಿದೆ, ಕಿಡ್ನಿಯನ್ನೂ ಒಮ್ಮೆ ತೋರಿಸಿ" ಎಂದರೆ, ಕಣ್ಣಿನವರಿಗೆ ಕಿಡ್ನಿಯ ಉಸಾಬರಿ ಏಕೆ ಎಂದು ಕೇಳಿ. ಎರಡೂ ಕಡೆ ಕೆಡುತ್ತಿರುವುದು ಒಂದೇ ಥರದ ಸಣ್ಣ ರಕ್ತನಾಳಗಳು, ಒಂದು ಹೋದರೆ ಇನ್ನೊಂದೂ ಬಹಳ ಸಲ ಜೊತೆಗೇ ಹೋಗುತ್ತದೆ. ಕಣ್ಣಿನವರು ಕಣ್ಣಿಂದ ನೋಡಿದ್ದನ್ನೇ ಹೇಳುತ್ತಿದ್ದಾರೆ. ಅದಕ್ಕೇ ಜಗಳವಾಡಬೇಕು.

ಇಲ್ಲಿಯವರೆಗೆ ಹೇಳಿದ್ದು ಎಲ್ಲರಿಗೂ ಸಾಧ್ಯ. ಇನ್ನು ಹೇಳುವುದು ಪಳಗಿದವರಿಗೆ.

ಒಂದು ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಬಾಗಿಲಲ್ಲೇ ನಿಂತು ಗ್ಲುಕೋಮೀಟರ್ ತೋರಿಸಿದರು. 92. ಇಪ್ಪತ್ತು ವರ್ಷದಲ್ಲಿ ಆ ಮೀಟರು 180ಕ್ಕಿಂತ ಕೆಳಗೆ ಕಂಡದ್ದು ಅಪರೂಪ. "ಗೆದ್ದೆ ಕಣೋ" ಎಂದರು. ಮೊದಲು ಇನ್ಸುಲಿನ್ ಅರ್ಧ ಮಾಡಿದ್ದರಂತೆ, ಆಮೇಲೆ ಕಾಲು, ಈಗ ಪೂರ್ತಿ ನಿಲ್ಲಿಸಿದ್ದಾರೆ. ಮೂರು ತಿಂಗಳ ಶುಗರೂ ಇಳಿದಿದೆ. ಕಷಾಯದ ಮಹಿಮೆ ಎಂದು ಬೀದಿಯ ಎಂಟು ಮನೆಗೆ ಕಷಾಯದ ಪುಡಿ ಹಂಚಿದ್ದರು. ಅಂದು ಎಲೆಯ ಮುಂದೆ ಕೂತು ಮೂರು ಒಬ್ಬಟ್ಟು ತುಪ್ಪ ಹಾಕಿಸಿಕೊಂಡು ತಿಂದರು. ಮುಖ ಸ್ವಲ್ಪ ಊದಿಕೊಂಡು ಬಣ್ಣ ಬಿಳಿಚಿತ್ತು. "ಬೆಳ್ಳಗಾಗಿದ್ದೀರಿ ಭಾವ" ಎಂದೆ. ಖುಷಿಪಟ್ಟರು.

ನೀವೂ ಈ ಘಟ್ಟಕ್ಕೆ ಬಂದಾಗ ಸಿಹಿ ಹಂಚಿ. ಏಕೆ ಇಳಿಯಿತು ಎಂದು ಮಾತ್ರ ಕೇಳಬೇಡಿ. ಇನ್ಸುಲಿನನ್ನು ಒಡೆದು ವಿಲೇವಾರಿ ಮಾಡುವುದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಕೈಚೆಲ್ಲಿದಾಗ ಇನ್ಸುಲಿನ್ ಮೈಯಲ್ಲೇ ಸುಳಿದಾಡುತ್ತ ಉಳಿಯುತ್ತದೆ, ಶುಗರ್ ತಾನಾಗಿಯೇ ಕುಸಿಯುತ್ತದೆ. ಕಿಡ್ನಿ ಸೋತವರಲ್ಲಿ ರಕ್ತವೂ ಕಡಿಮೆ, ಕೆಂಪು ಕಣಗಳ ಆಯಸ್ಸೂ ಕಡಿಮೆ. ಹಾಗಾಗಿ ಮೂರು ತಿಂಗಳ ಶುಗರ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಕಾಯಿಲೆ ವಾಸಿಯಾದ ಹಾಗೂ ಕಾಣಬೇಕು, ಕಿಡ್ನಿಯೂ ಹೋಗಬೇಕು, ಎರಡೂ ಒಂದೇ ಹಬ್ಬದಲ್ಲಿ. ಇದಕ್ಕಿಂತ ಅಚ್ಚುಕಟ್ಟಾದ ಸಾಧನೆ ಈ ಕ್ಷೇತ್ರದಲ್ಲಿ ನನಗೆ ಗೊತ್ತಿಲ್ಲ.

ಕೊನೆಯ ಹಂತಕ್ಕೆ ನೀವೇನೂ ಮಾಡಬೇಕಾಗಿಲ್ಲ. ಒಂದು ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಕೂತರೆ ಪರವಾಗಿಲ್ಲ ಅನ್ನಿಸುತ್ತದೆ. ಆಟೋ ಕರೆಯುತ್ತಾರೆ. ಮುಂಚಿತವಾಗಿ ಭವಿಷ್ಯ ತಿಳಿದವರು ಈ ಹೊತ್ತಿಗೆ ತಿಂಗಳುಗಳ ಮೊದಲೇ ಡಯಾಲಿಸಿಸ್ಸಿಗೆಂದು ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡಿರುತ್ತಾರೆ, ಕಸಿಗೆ ಹೆಸರು ಬರೆಸಿರುತ್ತಾರೆ, ಮನೆಯಲ್ಲಿ ಯಾರು ಕೊಡಬಹುದು ಎಂದು ಮಾತಾಡಿರುತ್ತಾರೆ. ನಿಮಗೆ ಆ ರಗಳೆಯಿಲ್ಲ. ಕತ್ತಿನ ಪಕ್ಕದಲ್ಲಿ ಟ್ಯೂಬು ಹಾಕಿ ಆ ರಾತ್ರಿಯೇ ಡಯಾಲಿಸಿಸ್ ಶುರುಮಾಡುತ್ತಾರೆ. ಫಿಸ್ಟುಲಾ ಆಮೇಲೆ, ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಹೊಲಿದು, ಅದು ಪಕ್ವವಾಗಲು ವಾರಗಟ್ಟಲೆ ಕಾಯಬೇಕು. ಪಕ್ವವಾದ ಮೇಲೆ ಬೆರಳಿಟ್ಟು ನೋಡಿ, ಚರ್ಮದಡಿಯಲ್ಲಿ ಹಳೇ ಫ್ರಿಜ್ಜಿನ ಹಾಗೆ ಜುಂ ಎನ್ನುತ್ತಿರುತ್ತದೆ. ಮೊಮ್ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ಡಯಾಲಿಸಿಸ್ ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ಗಂಟೆ. ನಮ್ಮಲ್ಲಿ ಈಗ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುತ್ತದೆ. ಸರದಿಯನ್ನು ಬೆಳಗಿನದ್ದೇ ಕೇಳಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಹೋಗುವಾಗ ಒಂದು ಶಾಲು ಇರಲಿ, ಯಂತ್ರಕ್ಕೆ ಹಚ್ಚಿದ ಮೇಲೆ ಚಳಿ ಹಿಡಿಯುತ್ತದೆ. ನೀರು ಅಳತೆಯಲ್ಲಿ ಕುಡಿಯಿರಿ, ಲ್ಯಾಬಿನಲ್ಲಿ ಕೂತು ಕುಡಿಯಬಹುದಾಗಿದ್ದ ಆ ಒಂದು ಬಾಟಲಿ ಈಗ ಅರ್ಧ ದಿನದ ಪಾಲು.

ಅಂಗಿಯ ವಿಷಯ ಮರೆಯಬೇಡಿ. ತುಂಬು ತೋಳಿನ ಅಂಗಿ ಮೇಲಕ್ಕೆ ಮಡಚಿದರೆ ಫಿಸ್ಟುಲಾದ ಕೈಯನ್ನು ಬಿಗಿಯುತ್ತದೆ, ಹಾಗೆ ಬಿಗಿಯಬಾರದು. ಎಡತೋಳಿನ ಹೊಲಿಗೆಯನ್ನು ಭುಜದವರೆಗೆ ಬಿಚ್ಚಿಸಿ, ಅಂಚು ಮಡಚಿ ಹೊಲಿದು, ಸಾಲಾಗಿ ಗುಂಡಿ ಇಡಿಸಿ. ಅಕ್ಕ ಹಾಗೆ ಮೂರು ಅಂಗಿ ಮಾಡಿದ್ದಾಳೆ, ಸೋಮವಾರ, ಬುಧವಾರ, ಶುಕ್ರವಾರಕ್ಕೆ. ಒಂದೊಂದು ತೋಳಿಗೆ ಏಳು ಗುಂಡಿ ಬೇಕಾಯಿತಂತೆ. ಒಂದೇ ಬಣ್ಣದ್ದು ಸಿಗಲಿಲ್ಲ. ಎರಡು ಬಿಳಿ, ಮೂರು ಕಂದು, ಎರಡು ನಮ್ಮ ತಂದೆಯ ಹಳೇ ಕೋಟಿನವು. ಅಂಗಡಿಗೆ ಹೋಗಬೇಕಾಗಲಿಲ್ಲ. ಡಬ್ಬಿಯಲ್ಲಿ ಇನ್ನೂ ಮಿಕ್ಕಿವೆ.